ಕೆಂಪು ದೀಪದ ಕಾಟ

ಗುಜರಿಯವನು ಲಾರಿಯ ಮುಂದಿನ ಕೊಕ್ಕೆಗೆ ಸರಪಳಿ ಸಿಕ್ಕಿಸುತ್ತಿದ್ದರೂ ಸೊಸೆ ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ.

"ಆ ಸರಪಳಿ ತೆಗೀರಿ. ನನ್ನ ಕೆಲಸ ಇನ್ನೂ ಮುಗಿದಿಲ್ಲ," ಎಂದಳು.

"ನಿಮ್ಮ ಮಾವ ಮಾತು ಕೊಟ್ಟಾಗಿದೆಯಮ್ಮಾ."

"ಮಾತು ಕೊಟ್ಟೋರು ಅವರು. ಗಾಡಿ ಓಡಿಸೋಳು ನಾನು."

ಅದು ಸೈನ್ಯದವರು ಓಡಿಸಿ ಓಡಿಸಿ, ಕೊನೆಗೆ ಸಾಕೆಂದು ಹರಾಜಿಗೆ ಹಾಕಿದ ಹಸಿರು ಲಾರಿ. ಸೈನ್ಯದಲ್ಲಿ ಡ್ರೈವರ್ ಆಗಿದ್ದ ಮಾವ ಅದನ್ನು ಕೊಂಡು, ಹಿಂದೆ ಕ್ರೇನು ಕೂರಿಸಿ, ದಾರಿಯಲ್ಲಿ ಕೆಟ್ಟು ನಿಂತ ವಾಹನಗಳನ್ನು ಎಳೆದು ತರುವ ಕೆಲಸ ಹಿಡಿದಿದ್ದರು. ಕಣ್ಣು ಮಂಜಾದ ಮೇಲೆ ಸ್ಟೇರಿಂಗು ಮಗನ ಕೈಗೆ ಹೋಗಬೇಕಿತ್ತು. ಮಗನಿಗೆ ಗ್ರೀಸಿನ ವಾಸನೆಗೇ ತಲೆ ಸುತ್ತುತ್ತಿತ್ತು. ಹಾಗಾಗಿ ವಿಧಿಯಿಲ್ಲದೆ ಸೊಸೆಗೆ ಕೊಟ್ಟರು. ಕೊಟ್ಟ ಸ್ವಲ್ಪ ದಿನಕ್ಕೇ ಬ್ಯಾಟರಿ ಚಾರ್ಜಾಗುವುದು ನಿಂತಿತು. ಬೇರೆಯವರನ್ನು ಎಳೆದು ತರಲು ಹೋದ ಲಾರಿಯನ್ನೇ ಇನ್ಯಾರೋ ಎಳೆದು ತರಬೇಕಾಯಿತು. ಬೀದಿಗೆ ಬೀದಿಯೇ ನಕ್ಕಿತು. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್ ಬದಲಾಯಿಸಿದ್ದಾಯಿತು, ಬ್ಯಾಟರಿ ಬದಲಾಯಿಸಿದ್ದಾಯಿತು. ರೋಗ ಮಾತ್ರ ಹೋಗಲಿಲ್ಲ.

"ನನ್ನ ಕೈಯಲ್ಲಿ ಒಂದು ದಿನಾನೂ ಕೆಮ್ಮದ ಗಾಡಿ ಕಣಯ್ಯ," ಎಂದು ಮಾವ ಗುಜರಿಯವನಿಗೆ, ಸೊಸೆಗೂ ಕೇಳುವಷ್ಟು ಜೋರಾಗಿ ಹೇಳಿದರು. "ಎಲ್ಲಾ ಕೈಗುಣ."

ಊಟಕ್ಕೆ ಕೂತರೂ ಇದೇ ಮಾತು, ಎದ್ದರೂ ಇದೇ ಮಾತು. ಲಾರಿ ಗುಜರಿಗೆ ಹೋದರೂ ಈ ಮಾತು ಮಾತ್ರ ಮನೆಯಲ್ಲೇ ಉಳಿಯುತ್ತದೆ, ತಾನು ಸಾಯುವ ತನಕ ಬೆನ್ನು ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟು ಬಂದಾಗ ಅವಳ ಕೈ ಇನ್ನಷ್ಟು ಚುರುಕಾಗುತ್ತಿತ್ತು.

ಕ್ಯಾಬಿನ್ನಿಗೆ ಹತ್ತಿ ಸ್ವಿಚ್ಚು ತಿರುಗಿಸಿ ಬಂದು, ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರಿನ ಬೆನ್ನಿಗೆ ಹಿಡಿದಳು. ಅದಕ್ಕೆ ಕರೆಂಟು ಮುಟ್ಟುತ್ತಿದ್ದರೆ ಅಯಸ್ಕಾಂತವಾಗಿ ಕಬ್ಬಿಣವನ್ನು ಸೆಳೆಯಬೇಕು. ಸೆಳೆಯಲಿಲ್ಲ. ಅಂದರೆ ಅದು ಕೆಟ್ಟಿರಲಿಲ್ಲ, ಎಬ್ಬಿಸುವವರಿಲ್ಲದೆ ಮಲಗಿತ್ತು. ಎಬ್ಬಿಸಬೇಕಾದ ಸಣ್ಣ ತಂತಿಯನ್ನು ಬೆರಳಲ್ಲೇ ಹಿಂಬಾಲಿಸುತ್ತಾ ಹೋದಳು. ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಟಾರ್ಚು ಬಿಟ್ಟಳು. ತಂತಿ ಹೋಗಿ ನಿಂತಿದ್ದು ಚಾರ್ಜು ನಿಂತರೆ ಹತ್ತಿ ಎಚ್ಚರಿಸುವ ಕೆಂಪು ದೀಪದ ಹೋಲ್ಡರಿನಲ್ಲಿ. ಹೋಲ್ಡರಿನಲ್ಲಿ ಬಲ್ಬೇ ಇರಲಿಲ್ಲ.

ಅವಳಿಗೆ ತನ್ನ ಮೇಲೇ ನಗು ಬಂತು. ಇಷ್ಟು ದಿನ ಕೆಂಪು ದೀಪ ಹತ್ತದಿರುವುದನ್ನು ಕಂಡು, ಸದ್ಯ ಅದೊಂದಾದರೂ ಸರಿಯಿದೆಯಲ್ಲ ಎಂದುಕೊಂಡಿದ್ದಳು. ಆ ದೀಪದ ಮೂಲಕ ಹಾದುಬರುವ ಚೂರು ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುವುದು. ಕೊನೆಯ ಸಲ ದೀಪ ಕಂಡದ್ದೂ ನೆನಪಾಯಿತು. ಗಿರಾಕಿಗಳ ಎದುರೇ ಅವಳು ಹೇಳಿದ್ದಳು: "ಮಾವ, ಕೆಂಪು ದೀಪ ಆರ್ತಾನೇ ಇಲ್ಲ. ಆಲ್ಟರ್ನೇಟರ್ ತಿರುಗಿಸೋ ಬೆಲ್ಟ್ ಸಡಿಲ ಆಗಿದೆ." ಮಾವನ ಮುಖ ಇಂಗು ತಿಂದ ಮಂಗನಂತಾಗಿತ್ತು. "ಮೀಸೆ ಚಿಗುರಿದಾಗಿಂದ ಗಾಡಿ ಓಡಿಸಿದೋನಿಗೆ ನೀನು ಹೇಳ್ಕೊಡ್ತೀಯಾ?" ಎಂದಿದ್ದರು. ಮರುದಿನ ಬೆಳಿಗ್ಗೆ ನೋಡಿದರೆ ಬೆಲ್ಟು ಬಿಗಿಯಾಗಿತ್ತು. ತಾನೇ ತಪ್ಪು ನೋಡಿರಬೇಕೆಂದು ಅವಳು ಸುಮ್ಮನಾಗಿದ್ದಳು.

ಕೆಳಗಿಳಿದು ಬಂದು ಮಾವನ ಎದುರು ನಿಂತಳು.

"ಬಲ್ಬ್ ಎಲ್ಲಿ ಮಾವ?"

"ಯಾವ ಬಲ್ಬು?"

"ಹೋಲ್ಡರ್ ನುಂಗಿರೋಲ್ಲ."

ಮಾವ ಗುಜರಿಯವನನ್ನು ನೋಡಿದರು, ಆಕಾಶ ನೋಡಿದರು. "ಯಾವಾಗ ನೋಡಿದ್ರೂ ಕೆಂಗಣ್ಣು ಬಿಡ್ತಿತ್ತು. ಬಂದು ಹೋಗೋರೆಲ್ಲ ಕೇಳೋರು. ಹೇಗೂ ಬೆಲ್ಟ್ ಬಿಗಿದಾಯ್ತಲ್ಲ, ಇನ್ನು ಅದರ ಕಾಟ ಯಾಕೆ ಅಂತ..."

"ಬೆಲ್ಟ್ ಬಿಗಿದೋರೂ ನೀವೇನಾ? ಹಾಗಾದ್ರೆ ಅವತ್ತು ನಾನು ಹೇಳಿದ್ದು ನಿಜ."

"ಬಿಗೀಬೇಕು ಅನ್ನಿಸ್ತು, ಬಿಗಿದೆ." ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಆದರೂ ಅವರ ಕೈ ಜೇಬಿಗೆ ಹೋಯಿತು. ಕನ್ನಡಕದ ಡಬ್ಬಿಯಿಂದ, ಬಟ್ಟೆಯ ಚೂರಿನಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದ ಬಲ್ಬು ಹೊರಬಂತು. ಅವರು ಚಾಚಿದರು. ಸೊಸೆ ಕೈ ಕಟ್ಟಿಕೊಂಡೇ ನಿಂತಳು.

"ಕಿತ್ತ ಕೈಯಿಂದಲೇ ಹಾಕಿ."

ಗುಜರಿಯವನು ಸರಪಳಿ ಹಿಡಿದೇ ನೋಡುತ್ತಿದ್ದ. ಮಾವ ಕ್ಯಾಬಿನ್ನಿಗೆ ಹತ್ತಿ, ಕಾಣದ ಕಣ್ಣನ್ನು ಮುಚ್ಚಿಯೇ ಬಿಟ್ಟು, ಬೆರಳಲ್ಲಿ ತಡವಿ ಬಲ್ಬು ಕೂರಿಸಿದರು. ಸೊಸೆ ಡ್ರೈವರ್ ಸೀಟಿನಲ್ಲಿ ಕೂತು ಸ್ವಿಚ್ಚು ತಿರುಗಿಸಿದಳು. ದೀಪ ಕೆಂಪಗೆ ಹತ್ತಿತು.

"ನೋಡು, ಮತ್ತೆ ಶುರು!" ಎಂದರು ಮಾವ.

"ಮೊದಲು ಹತ್ತಬೇಕು. ಆರೋದು ಆಮೇಲೆ."

ಎಂಜಿನ್ ಗುಡುಗಿತು. ಆಕ್ಸಿಲರೇಟರ್ ಒತ್ತಿದಳು, ದೀಪ ಆರಿತು. ಚಾರ್ಜಿನ ಮುಳ್ಳು ಮೆಲ್ಲಗೆ ಮೇಲೆದ್ದು ಅಲ್ಲೇ ನಿಂತಿತು. ಅವಳಿಗೆ ಕಿರುಚುವಷ್ಟು ಖುಷಿಯಾಯಿತು, ಕಿರುಚಲಿಲ್ಲ. ಗುಜರಿಯವನು ಸರಪಳಿ ಬಿಚ್ಚಿ ಸುತ್ತತೊಡಗಿದ.

"ಬಂದ ದಾರಿಗೆ ಸುಂಕ ಇಲ್ಲ ಅನ್ನಿ," ಎಂದು ಗೊಣಗಿದ.

"ಹೋಗ್ತಾ ದಾರೀಲಿ ನಿಮ್ಮ ಗಾಡಿ ಕೆಟ್ರೆ ಫೋನ್ ಮಾಡಿ. ಬಂದು ಎಳ್ಕೊಂಡು ಹೋಗ್ತೀನಿ," ಎಂದಳು ಸೊಸೆ.

ಮಾವ ಕೆಳಗಿಳಿದು ಮೀಸೆ ಸವರಿಕೊಳ್ಳುತ್ತಾ ನಿಂತಿದ್ದರು. ಅವಳು ಒಮ್ಮೆ ಹ್ಯಾಂಡ್‌ಬ್ರೇಕ್ ಎಳೆದು ನೋಡಿದಳು. ಕಿಟಕಿಯಿಂದ ತಲೆ ಹೊರಹಾಕಿ, ಬೀದಿಯ ಕೊನೆಯವರೆಗೂ ಕೇಳುವ ಹಾಗೆ ಕೂಗಿದಳು:

"ಮಾವ, ಹ್ಯಾಂಡ್‌ಬ್ರೇಕ್ ಸಡಿಲ ಆಗಿದೆ!"

ಈ ಸಲ ಮಾವ ಹಾಡುಹಗಲಲ್ಲಿ, ಗುಜರಿಯವನ ಕಣ್ಣೆದುರಿಗೇ, ಸ್ಪ್ಯಾನರ್ ಹುಡುಕಲು ಬಗ್ಗಿದರು.