ಪಿಸ್ತೂಲಿನ ಅರ್ಜಿ

ರೊಟ್ಟಿ ಖಾನಾವಳಿಯ ನಿಂಬೆವ್ವ ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹಾಕಿ ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳನ್ನೂ ಜೀವ ಕೈಯಲ್ಲಿ ಹಿಡಿದುಕೊಂಡೇ ಕಳೆದಿದ್ದಳು. ಇಂದು ಠಾಣೆಯಿಂದ ಕರೆ ಬಂದಿತ್ತು.

ಹವಾಲ್ದಾರ ಕಡತ ಬಿಚ್ಚಿ ನಕ್ಕ. “ರೊಟ್ಟಿ ಬಡಿಯೋ ಕೈಗೆ ಪಿಸ್ತೂಲ್ ಯಾಕ ಬೇಕವ್ವ?”

“ಬಿಟ್ಟ ಗಂಡ, ಕೊಲ್ತೀನಿ ಅಂತ ದಿನಾ ಬಾಗಲಾಗ ನಿಂತು ಹೇಳಿ ಹೋಗ್ತಾನ್ರೀ ಸಾಹೇಬ್ರ.”

“ನಿನ್ನ ಅರ್ಜಿ ತಿರಸ್ಕಾರ ಆಗೇತಿ. ಆರು ತಿಂಗಳು ಜೈಲಿನ್ಯಾಗ ಇದ್ದು ಬಂದಾಕಿಗೆ ಪಿಸ್ತೂಲ್ ಕೊಡೂದಿಲ್ಲ.”

ನಿಂಬೆವ್ವ ಕುತ್ತಿಗೆಯ ಮೇಲಿನ ಸೆರಗು ಸರಿಸಿ ಕಪ್ಪು ಬರೆಯನ್ನು ತೋರಿಸಿದಳು. “ಅವತ್ತ ಅವ ಹಗ್ಗ ಬಿಗಿದಿದ್ದ. ಕೈಗೆ ಸಿಕ್ಕ ಒನಕೀಲೆ ತಲಿಗೆ ಒಂದ ಏಟು ಹಾಕಿದೆ. ಇಲ್ಲಂದ್ರ ನಾ ಇರ್ತಿರಲಿಲ್ಲ.”

“ಇದನ್ನ ಕೋರ್ಟಿನ್ಯಾಗ ಹೇಳಬೇಕಿತ್ತು.”

“ಹೇಳಿದೆ. ಸಾಕ್ಷಿಗೆ ಒಬ್ಬರೂ ಬರಲಿಲ್ಲ.”

ಹವಾಲ್ದಾರನ ನಗು ಅಡಗಿತು. “ಹೋಗ್ಲಿ, ಬಾಗಿಲ ಹಾಕ್ಕೊಂಡು ಒಳಗಿರು. ಅವನ ಹತ್ರ ಏನ್ ಪಿಸ್ತೂಲ್ ಐತೇನ?”

“ಐತ್ರೀ. ನಿನ್ನೆ ಸೊಂಟಕ್ಕ ಸಿಗಿಸ್ಕೊಂಡು ಬಂದಿದ್ದ. ಲೈಸೆನ್ಸಿನ ಪುಸ್ತಕಾನೂ ತೋರಿಸಿದ. ಅವನಿಗೆ ಹೆಂಗ ಕೊಟ್ರಿ?”

ಹವಾಲ್ದಾರ ಗಂಡನ ಹೆಸರು ಕೇಳಿಕೊಂಡು ಕಪಾಟಿನಿಂದ ಇನ್ನೊಂದು ಕಡತ ತೆಗೆದ. ಅದರ ಮೊದಲ ಪುಟದ ಮೇಲೆ ಬೆರಳಿಟ್ಟು, ಅವಳ ಮುಖ ನೋಡದೆ, ಮೆಲ್ಲಗೆ ಓದಿದ:

“ಕಾರಣ: ಜೈಲಿಗೆ ಹೋಗಿ ಬಂದ ಹೆಂಡತಿಯಿಂದ ಅರ್ಜಿದಾರರಿಗೆ ಪ್ರಾಣಭಯವಿದೆ.”