ಕದವಿಲ್ಲದ ನಕ್ಷೆ

“ಈ ಮನೆಯಲ್ಲಿ ಅಳೋರು ಎಲ್ಲಿ ಅಳಬೇಕು?”

ಮೇಜಿನ ಮೇಲಿದ್ದ ರಟ್ಟಿನ ಮಾದರಿಯೊಳಗೆ ಬಗ್ಗಿ ನೋಡುತ್ತ ಅವಳು ಯಾರಿಗೂ ಅಲ್ಲದಂತೆ ಕೇಳಿದಳು. ಮನೆಗಳ ವಿನ್ಯಾಸ ಮಾಡುವ ಗಂಡ ಈ ಸಲ ಆ ಮಾದರಿಯಲ್ಲಿ ತಮ್ಮದೇ ಪುಟ್ಟ ಮನೆಯನ್ನು ಐವತ್ತರ ದಶಕದ ಶೈಲಿಗೆ ತಿರುಗಿಸಿದ್ದ: ಓರೆಗಾಲಿನ ಸೋಫಾ, ತಗ್ಗಾದ ತೇಗದ ಕಪಾಟು, ಅಡುಗೆಕಟ್ಟೆಯಿಂದ ಮಂಚದವರೆಗೆ ಒಂದೇ ಬಯಲು. ನಡುವೆ ಮರದ ಪಟ್ಟಿಗಳ ತೆರೆಯೊಂದಿತ್ತು, ಅದರಲ್ಲೂ ಕೈ ತೂರುವಷ್ಟು ಸಂದು.

“ಕದ ಇಲ್ದೇ ಇದ್ರೆ ಇದು ಮನೆಯೋ ಬಸ್‌ಸ್ಟ್ಯಾಂಡೋ ಸಾರ್?” ಎಂದು ಅಳತೆ ತೆಗೆಯಲು ಬಂದಿದ್ದ ಬಡಗಿ ನಕ್ಕ. ಇಬ್ಬರೂ ನಗದಿದ್ದಾಗ ಟೇಪು ಸುತ್ತಿಕೊಂಡು ಹೊರಗೆ ಹೋದ.

ಮಗು ಹೋಗಿ ಎಂಟು ತಿಂಗಳಾಗಿತ್ತು. ಸಂಜೆ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಅಳುವುದೊಂದೇ ಅವಳಿಗೆ ಉಳಿದಿದ್ದ ಪೂಜೆ.

“ರೀ, ನಿಮ್ಮ ಸೋಫಾನೂ ಇರಲಿ, ಬಯಲೂ ಇರಲಿ. ಮೂಲೇಲಿ ಒಂದು ಬಾಗಿಲು ಇಡಿ. ಬೀರುವಿನಷ್ಟು ಜಾಗ ಇದ್ರೂ ಸಾಕು, ಇನ್ನೇನೂ ಕೇಳಲ್ಲ.”

ಅವನು ತಲೆಯೆತ್ತಲಿಲ್ಲ. ಅಂಟು ಮೆತ್ತಿದ ಬೆರಳುಗಳಿಂದ ಮಾದರಿಯ ಸೋಫಾದ ಕಾಲನ್ನು ಒತ್ತಿ ಹಿಡಿದಿದ್ದ. ಹೋದ ತಿಂಗಳು ಒಂದು ಸಂಜೆ ಎಷ್ಟು ಬಡಿದರೂ ಆ ಬಾಗಿಲು ತೆರೆಯದೆ, ಭುಜ ಕೊಟ್ಟು ಒಡೆದು, ಅವಳನ್ನು ಆಸ್ಪತ್ರೆಗೆ ಹೊತ್ತೊಯ್ದಿದ್ದ. ಮುರಿದ ಚಿಲಕ ಇನ್ನೂ ನೇತಾಡುತ್ತಿತ್ತು. ಅದರ ಬಗ್ಗೆ ಇಬ್ಬರೂ ತುಟಿಬಿಚ್ಚಿರಲಿಲ್ಲ. ಈ ಶೈಲಿ ಅವನಿಗೆ ಎಂದೂ ಹಿಡಿಸಿರಲಿಲ್ಲ ಎಂಬುದು ಅವಳಿಗೆ ಈಗ ನೆನಪಾಯಿತು.

“ಬೇರೆ ಏನು ಬೇಕಾದ್ರೂ ಕೇಳು ಕಣೆ,” ಅಂದ. “ಬಾಗಿಲು ಮಾತ್ರ ಇಡಲ್ಲ.”