ಡಬ್ಬಿಯೊಳಗಿನ ತಂತಿಗಳು

ಅವ್ವನ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರೆ ನನಗೆ ಇವತ್ತಿಗೂ ತುಕ್ಕಿನ ವಾಸನೆಯ ಜೊತೆ ನಿಂಬೆಯ ವಾಸನೆಯೂ ಬರುತ್ತದೆ.

ಪರದೇಶದಲ್ಲಿ ನಾವಿದ್ದ ಕ್ವೇಕರ್ಸ್ ಹಿಲ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಟೆಡ್ ಅಂಕಲ್ ಒಬ್ಬರೇ ಇರುತ್ತಿದ್ದರು. ಇಂಗ್ಲೆಂಡಿನಲ್ಲಿದ್ದಾಗ ತಾವೇ ಬರೆದ ಹಾಡುಗಳನ್ನು ಗಿಟಾರ್ ಹಿಡಿದು ಹಾಡಿ ಎರಡು ರೆಕಾರ್ಡ್ ಹೊರತಂದಿದ್ದರಂತೆ. ಮಾರಾಟವಾಗದೆ ಉಳಿದವು ಗ್ಯಾರೇಜಿನಲ್ಲಿ ಪೆಟ್ಟಿಗೆಗಟ್ಟಲೆ ಇದ್ದವು. ನಾವು ಕಾಣುವ ಹೊತ್ತಿಗೆ ಅವರ ಪಾಲಿಗಿದ್ದದ್ದು ಹತ್ತಿರದ ಕ್ಲಬ್ಬಿನಲ್ಲಿ ಭಾನುವಾರ ಮಧ್ಯಾಹ್ನದ ಹಾಡು ಮಾತ್ರ.

ಅವ್ವ ಅವರಿಗೆ ಆಗಾಗ ಈ ಡಬ್ಬಿಯಲ್ಲಿ ಉಪ್ಪಿಟ್ಟು ಕೊಡುತ್ತಿದ್ದಳು. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂಬ ಹುಬ್ಬಳ್ಳಿಯ ಪದ್ಧತಿಯನ್ನೂ ಕಲಿಸಿದ್ದಳು. ಅಂಕಲ್ ತಪ್ಪದೆ ತಮ್ಮ ಗಿಡದ ನಿಂಬೆಹಣ್ಣು ಹಾಕಿ ಕೊಡುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಅವರು ಮನೆಯಲ್ಲೇ ಇದ್ದರು. ಹಾಡುವ ಜಾಗದಲ್ಲಿ ಕ್ಲಬ್ಬಿನವರು ಜೂಜಿನ ಮಷೀನ್ ಇಟ್ಟರೆಂದು ಹೇಳಿ, ಬೇಲಿಯ ಮೇಲಿಂದ ನನ್ನ ಕೈಗೆ ಡಬ್ಬಿ ಕೊಟ್ಟರು. ಒಳಗೆ ಒಂದೇ ನಿಂಬೆಹಣ್ಣು, ಅದರ ಸುತ್ತ ಸುರುಳಿಯಾಗಿ ಆರು ತಂತಿ.

“ಅವ್ವಾ, ಗಿಟಾರ್ ಸ್ಟ್ರಿಂಗ್ಸ್!” ಎಂದೆ.

“ಹಳೇವು ಇರಬೇಕು ಬಿಡು. ಹೊಸಾವು ಹಾಕ್ಕೊಂಡಿರ್ತಾರ,” ಎಂದಳು ಅವ್ವ. “ರೀ, ಹೀರಿಬಳ್ಳಿ ಕಟ್ಟಾಕ ಬರ್ತಾವೇನ್ ನೋಡ್ರಿ.”

ಅಪ್ಪ ಎಳೆದು ನೋಡಿದರು. “ಭಾಳ ಗಟ್ಟಿ ಅದಾವ. ನಮಗಿಂತಾ ಹೆಚ್ಚು ಬಾಳ್ತಾವ ತಗೋ!” ಎಂದು ನಕ್ಕು, ಬಳ್ಳಿಯನ್ನು ಬೇಲಿಗೆ ಬಿಗಿದರು.

ಬುಧವಾರ ಅಂಕಲ್ ಮನೆ ಮುಂದೆ ಸೈರನ್ ಇಲ್ಲದೆ ಆಂಬುಲೆನ್ಸ್ ನಿಂತಿತ್ತು; ಅಂಕಲ್ ತೀರಿಹೋಗಿದ್ದರು. ಒಳಗೆ ಹೋಗಿಬಂದ ಅವ್ವ, “ಗಿಟಾರಿಗೆ ಒಂದೂ ತಂತಿ ಇರಲಿಲ್ಲ,” ಎಂದಷ್ಟೇ ಹೇಳಿದಳು. ಆಮೇಲೆ ಬೇಲಿಯ ಬಳಿ ಕುಳಿತು, ಬಳ್ಳಿಗೆ ಕಟ್ಟಿದ ತಂತಿಗಳನ್ನು ಒಂದೊಂದಾಗಿ ಬಿಚ್ಚಿ, ಸೆರಗಿನಿಂದ ಒರೆಸಿ, ಅದೇ ಡಬ್ಬಿಯಲ್ಲಿ ಇಟ್ಟಳು.

ಆ ಡಬ್ಬಿಯಲ್ಲಿ ಮತ್ತೆ ಯಾರಿಗೂ ಏನೂ ಹೋಗಲಿಲ್ಲ.